ನದಿ ಒಂದು, ಒಡ್ಡು ನೂರು: ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ಹೊಲದಲ್ಲಿ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ ಕಾಯ್ತಾ ಇರೋರಿಗೂ ಸ್ವಾಗತ.

ಇವತ್ತಿನ ವಿಷಯ ಶುರುವಾಗಿದ್ದು ನಮ್ಮ ಮನೆಯಲ್ಲೇ. ಹೋದ ಸಲ ಊರಿಗೆ, ಅಂದ್ರೆ ಚಿಕ್ಕಪಡಸಲಗಿಗೆ ಹೋದಾಗ ನಮ್ಮ ಕಾಕಾನ ಮಗ ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ಜಮಖಂಡಿಯಲ್ಲಿ ಬಿಸಿಎ ಓದ್ತಾನೆ. ಸೆಕೆಂಡ್ ಹ್ಯಾಂಡ್ ಮಷೀನು, ಇಂಟೆಲ್ 6ನೇ ಜನರೇಶನ್ ಪ್ರೊಸೆಸರ್, 8 ಜಿಬಿ ರ‍್ಯಾಮ್. ಕೆಲಸಕ್ಕೇನೂ ತೊಂದರೆ ಇಲ್ಲ. ಆದ್ರೆ ಅದರಲ್ಲಿರೋ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತೆ, ಅಷ್ಟೇ. ವಿಂಡೋಸ್ 11 ಹಾಕೋಣ ಅಂದ್ರೆ ಅಧಿಕೃತವಾಗಿ ಇಂಟೆಲ್ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಹೊಸ ಲ್ಯಾಪ್‌ಟಾಪ್ ಕೇಳಿದ್ರೆ ಕಾಕಾ ಹೇಳೋದು ಒಂದೇ ಮಾತು: "ಕಬ್ಬಿನ ಬಿಲ್ಲ ಬರ್ಲಿ, ಆಮ್ಯಾಲ ನೋಡೂಣು."

"ಲಿನಕ್ಸ್ ಹಾಕ್ಕೋ, ಪುಕ್ಕಟೆ, ಹಳೇ ಮಷೀನಲ್ಲೂ ಚೆನ್ನಾಗಿ ಓಡುತ್ತೆ" ಅಂತ ನಾನು ಹೇಳಿಬಿಟ್ಟೆ. ಹೇಳೋದೇನೋ ಸುಲಭ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದ: "ಅಣ್ಣಾ, ಲಿನಕ್ಸ್ ಅಂದ್ರ ಒಂದ ಅನ್ಕೊಂಡಿದ್ನಿ. ಇಲ್ಲಿ ನೋಡಿದ್ರ ಸಂತಿನ ಐತಲ್ಲ! ಇದ್ರಾಗ ಯಾವ್ದ ಹಾಕೂಣು?"

ಒಂದು ಮಾತಲ್ಲಿ ಉತ್ತರ ಕೊಡೋಕೆ ನನಗಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದೇ ಇವತ್ತಿನ ಸಂಚಿಕೆ.

ಡಿಸ್ಟ್ರೋ ಅಂದ್ರೆ ಏನು?

ಮೊದಲು ಬುನಾದಿ. 1991ರಲ್ಲಿ ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಯಲ್ಲಿ ಓದ್ತಿದ್ದ ಲೈನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗ ಲಿನಕ್ಸ್ ಬರೆದ. ಅದು ಪೂರ್ತಿ ಆಪರೇಟಿಂಗ್ ಸಿಸ್ಟಮ್ ಅಲ್ಲ, ಅದರ ಕರ್ನಲ್. ಅಂದ್ರೆ ಹಾರ್ಡ್‌ವೇರ್ ಜೊತೆ ಮಾತಾಡೋ ಒಳಗಿನ ಭಾಗ. ಟ್ರ್ಯಾಕ್ಟರ್‌ನಲ್ಲಿ ಇಂಜಿನ್ ಇದ್ದ ಹಾಗೆ. ಇಂಜಿನ್ ಒಂದರಿಂದಲೇ ಹೊಲ ಉಳೋಕೆ ಆಗಲ್ಲ. ಗಾಲಿ, ಸೀಟು, ಸ್ಟೇರಿಂಗ್ ಎಲ್ಲ ಬೇಕು.

ಕಂಪ್ಯೂಟರ್‌ನಲ್ಲಿ ಆ ಗಾಲಿ, ಸೀಟು ಅಂದ್ರೆ ಲೈಬ್ರರಿಗಳು, ಡ್ರೈವರ್‌ಗಳು, ಡೆಸ್ಕ್‌ಟಾಪ್ ಪರದೆ, ಆ್ಯಪ್ ಇನ್‌ಸ್ಟಾಲ್ ಮಾಡೋ ವ್ಯವಸ್ಥೆ. ಇವನ್ನೆಲ್ಲ ಒಟ್ಟು ಸೇರಿಸಿ ಕೊಡೋದಕ್ಕೆ ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ ಅಂತಾರೆ. ಡೆಬಿಯನ್ ಶುರುವಾಗಿದ್ದು 1993ರಲ್ಲಿ. ಆಮೇಲೆ 2002ರಲ್ಲಿ ಆರ್ಚ್, 2003ರಲ್ಲಿ ಫೆಡೋರಾ, 2004ರಲ್ಲಿ ಉಬುಂಟು, 2006ರಲ್ಲಿ ಮಿಂಟ್. ಇವು ಹೆಸರುವಾಸಿಯಾದವು ಮಾತ್ರ. ಒಟ್ಟು ಲೆಕ್ಕ ಹಾಕಿದ್ರೆ ನೂರಾರು.

ಕೋಡ್ ಎಲ್ಲರಿಗೂ ಮುಕ್ತ. ಯಾರು ಬೇಕಾದ್ರೂ ತಗೊಂಡು, ತಮಗೆ ಬೇಕಾದ ಹಾಗೆ ಬದಲಾಯಿಸಿ, ಹೊಸ ಹೆಸರಲ್ಲಿ ಹಂಚಬಹುದು. ಅದು ಲಿನಕ್ಸ್‌ನ ಶಕ್ತಿ. ಹಾಗಾದ್ರೆ ತೊಂದರೆ ಎಲ್ಲಿ ಬಂತು?

ಒಂದೇ ಅಕ್ಷರಕ್ಕೆ ಮೂರು ಹೆಸರು

ನಮ್ಮ ಹುಡುಗ ಯೂಟ್ಯೂಬ್ ನೋಡಿ, ಚೆನ್ನಾಗಿ ಕಾಣುತ್ತೆ ಅಂತ ಒಂದು ಡಿಸ್ಟ್ರೋ ಹಾಕಿದ. ಯಾವುದು ಅನ್ನೋದು ಬೇಡ, ತಪ್ಪು ಅದರದ್ದಲ್ಲ. ವೈಫೈ ಬರಲಿಲ್ಲ. ಫೋನಲ್ಲಿ ಹುಡುಕಿದ, ಒಂದು ಕಮಾಂಡ್ ಸಿಕ್ತು, ಟೈಪ್ ಮಾಡಿದ. 'ಅಂಥ ಕಮಾಂಡೇ ಇಲ್ಲ' ಅಂತ ಉತ್ತರ ಬಂತು. ಯಾಕಂದ್ರೆ ಆ ಕಮಾಂಡ್ ಬೇರೆ ಡಿಸ್ಟ್ರೋಗೆ ಬರೆದದ್ದು. ಡೆಬಿಯನ್, ಉಬುಂಟು, ಮಿಂಟ್ ಕುಟುಂಬದಲ್ಲಿ ಆ್ಯಪ್ ಹಾಕೋ ಕಮಾಂಡ್ 'ಆಪ್ಟ್'. ಫೆಡೋರಾದಲ್ಲಿ 'ಡಿಎನ್‌ಎಫ್'. ಆರ್ಚ್‌ನಲ್ಲಿ 'ಪ್ಯಾಕ್‌ಮ್ಯಾನ್'. ಕೆಲಸ ಒಂದೇ, ಹೇಳೋ ಭಾಷೆ ಮೂರು.

ಕನ್ನಡದ್ದೇ ಉದಾಹರಣೆ ಕೊಡ್ತೀನಿ. ಲೋಹಿತ್ ಕನ್ನಡ ಅಂತ ಒಂದು ಮುಕ್ತ ಫಾಂಟ್ ಇದೆ. ಅದನ್ನ ಡೆಬಿಯನ್, ಉಬುಂಟುವಿನಲ್ಲಿ ಹುಡುಕಬೇಕಾದ ಹೆಸರು 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ'. ಫೆಡೋರಾದಲ್ಲಿ ಅದೇ ಫಾಂಟ್ 'ಲೋಹಿತ್-ಕನ್ನಡ-ಫಾಂಟ್ಸ್'. ಆರ್ಚ್‌ಗೆ ಬಂದ್ರೆ ಭಾರತೀಯ ಲಿಪಿಗಳ ಫಾಂಟ್‌ಗಳಿಗೆ 'ಟಿಟಿಎಫ್-ಇಂಡಿಕ್-ಓಟಿಎಫ್' ಅನ್ನೋ ಕಟ್ಟು ಇದೆ. ಅಕ್ಷರ ಅದೇ, ಫಾಂಟ್ ಮಾಡಿದವರೂ ಅವರೇ. ಆದ್ರೆ ಪ್ರತಿ ಡಿಸ್ಟ್ರೋದಲ್ಲಿ ಒಬ್ಬರು ಕೂತು ಅದನ್ನ ಮತ್ತೆ ಕಟ್ಟಿ, ಮತ್ತೆ ಪರೀಕ್ಷೆ ಮಾಡಿ, ಮತ್ತೆ ಹೆಸರಿಡಬೇಕು.

ಡೆಸ್ಕ್‌ಟಾಪ್ ಪರದೆಗಳೂ ಹಾಗೇ. ಗ್ನೋಮ್ ಅನ್ನೋ ಪರದೆಯನ್ನ ಕನ್ನಡಕ್ಕೆ ತಂದ ಸ್ವಯಂಸೇವಕರ ಕೆಲಸ ಕೆಡಿಇ ಅನ್ನೋ ಇನ್ನೊಂದು ಪರದೆಗೆ ತಾನಾಗಿ ಬರೋದಿಲ್ಲ. 'ಫೈಲ್', 'ಸೆಟ್ಟಿಂಗ್ಸ್' ಇಂಥ ಪದಗಳನ್ನೇ ಅಲ್ಲಿ ಮತ್ತೆ ಅನುವಾದಿಸಬೇಕು. ಕನ್ನಡದಲ್ಲಿ ಈ ಕೆಲಸಕ್ಕೆ ಕೂರೋ ಜನ ಇರೋದೇ ಬೆರಳೆಣಿಕೆ. ಇರೋ ಸ್ವಲ್ಪ ಜನರ ಶ್ರಮವನ್ನೂ ನಾಲ್ಕು ಕಡೆ ಹಂಚಿದ್ರೆ ಯಾವ ಕಡೆಯೂ ಕೆಲಸ ಪೂರ್ತಿ ಆಗಲ್ಲ.

ಬಿಕಾಂ ಲೆಕ್ಕ

ನಾನು ಓದಿದ್ದು ಕಾಮರ್ಸ್. ಹಾಗಾಗಿ ಆ್ಯಪ್ ಮಾಡೋ ಕಂಪನಿ ಕಡೆಯಿಂದ ಸ್ವಲ್ಪ ಲೆಕ್ಕ ನೋಡೋಣ.

ಒಂದು ಸಾಫ್ಟ್‌ವೇರ್ ಅನ್ನ ಹೊಸ ಸಿಸ್ಟಮ್‌ಗೆ ತರೋದಕ್ಕೆ ಒಂದು ಸ್ಥಿರ ವೆಚ್ಚ ಇರುತ್ತೆ. ಹತ್ತು ಜನ ಬಳಸಲಿ, ಹತ್ತು ಲಕ್ಷ ಜನ ಬಳಸಲಿ, ತಯಾರಿ, ಪರೀಕ್ಷೆ, ಗ್ರಾಹಕರ ಫೋನ್‌ಗೆ ಉತ್ತರ ಕೊಡೋಕೆ ಸಿಬ್ಬಂದಿ, ಇದೆಲ್ಲ ಬೇಕೇ ಬೇಕು. ವಿಂಡೋಸ್‌ನಲ್ಲಿ ಆ ಖರ್ಚು ದೊಡ್ಡ ಸಂಖ್ಯೆಯ ಗ್ರಾಹಕರ ಮೇಲೆ ಹಂಚಿಹೋಗುತ್ತೆ.

ಈಗ ಲಿನಕ್ಸ್. ಪಿಸಿ ಗೇಮ್ ಮಾರೋ ದೊಡ್ಡ ಅಂಗಡಿ ಸ್ಟೀಮ್ ಪ್ರತಿ ತಿಂಗಳು ಬಳಕೆದಾರರ ಸಮೀಕ್ಷೆ ಮಾಡುತ್ತೆ. ಅದರಲ್ಲಿ ಲಿನಕ್ಸ್ ಪಾಲು ಮೊದಲ ಬಾರಿ ಶೇ 3 ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ನೂರು ಜನ ಗೇಮರ್‌ಗಳಲ್ಲಿ ಮೂರು ಜನ ಅಂತಿಟ್ಕೊಳ್ಳಿ. ಆ ಲಿನಕ್ಸ್ ಬಳಕೆದಾರರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜನ ಸ್ಟೀಮ್ ಕಂಪನಿಯದೇ ಆದ ಸ್ಟೀಮ್‌ಓಎಸ್‌ನಲ್ಲಿದ್ರು. ಉಳಿದ ಎರಡು ಚಿಲ್ಲರೆ ಜನ ಆರ್ಚ್, ಮಿಂಟ್, ಉಬುಂಟು, ಫೆಡೋರಾ ಅಂತ ಹತ್ತಾರು ಕಡೆ ಹರಡಿದ್ದಾರೆ. ಮೊದಲೇ ಚಿಕ್ಕ ಮಾರುಕಟ್ಟೆ, ಅದನ್ನೂ ಚೂರು ಮಾಡಿದ್ದೇವೆ. ವೆಚ್ಚ ಮಾತ್ರ ಪ್ರತಿ ಚೂರಿಗೂ ಬೇರೆ.

ಇದನ್ನ ನಾನು ಹೇಳ್ತಿದ್ದೀನಿ ಅಂತ ಬಿಡಿ, ಟೊರ್ವಾಲ್ಡ್ಸ್ ಅವರೇ ಹೇಳಿದ್ದಾರೆ. ಅವರಿಗೆ ಸ್ಕೂಬಾ ಡೈವಿಂಗ್ ಹುಚ್ಚು. ಅದಕ್ಕೆ ಸಬ್‌ಸರ್ಫೇಸ್ ಅನ್ನೋ ಆ್ಯಪ್ ಶುರು ಮಾಡಿದ್ರು. 2014ರಲ್ಲಿ ಡೆಬಿಯನ್ ಸಮ್ಮೇಳನದಲ್ಲಿ ಮಾತಾಡ್ತಾ, ಆ ಆ್ಯಪ್ ಅನ್ನ ವಿಂಡೋಸ್‌ಗೂ ಮ್ಯಾಕ್‌ಗೂ ತಯಾರಿಸಿ ಕೊಡ್ತೀವಿ, ಲಿನಕ್ಸ್‌ಗೆ ಮಾತ್ರ ಸಾಮಾನ್ಯವಾಗಿ ಕೊಡಲ್ಲ, ಯಾಕಂದ್ರೆ ಪ್ರತಿ ಡಿಸ್ಟ್ರೋಗೂ ಬೇರೆ ಬೇರೆ ಕಟ್ಟೋದು ದೊಡ್ಡ ತಲೆನೋವು ಅನ್ನೋ ಅರ್ಥದಲ್ಲಿ ಹೇಳಿದ್ರು. ಲಿನಕ್ಸ್ ಹುಟ್ಟಿಸಿದವರಿಗೇ ತಮ್ಮ ಆ್ಯಪ್ ಲಿನಕ್ಸ್‌ಗೆ ಕೊಡೋದು ಕಷ್ಟ ಆದ್ರೆ, ಉಳಿದವರ ಪಾಡೇನು?

ಇದು ನಮ್ಮ ಭಾಗಕ್ಕೆ ಹೇಗೆ ತಟ್ಟುತ್ತೆ ನೋಡ್ರಿ. ರಬಕವಿ-ಬನಹಟ್ಟಿಯ ಸೀರೆ ಅಂಗಡಿ ಇರಲಿ, ಮುಧೋಳದ ಗೊಬ್ಬರದ ಅಂಗಡಿ ಇರಲಿ, ಲೆಕ್ಕ ಇಡೋದು ಟ್ಯಾಲಿಯಲ್ಲಿ. ಟ್ಯಾಲಿ ತಯಾರಾಗೋದು ವಿಂಡೋಸ್‌ಗೆ. ಡಿಟಿಪಿ ಅಂಗಡಿಯವರಿಗೆ ಬೇಕಾದ ನುಡಿ, ಫೋಟೋಶಾಪ್ ಕೂಡ ಹಾಗೇ. ಅಂಗಡಿಯವನಿಗೆ ಲಿನಕ್ಸ್ ಪುಕ್ಕಟೆ ಸಿಕ್ಕರೂ ಅವನ ದಿನದ ಕೆಲಸ ಅದರ ಮೇಲೆ ನಡೆಯಲ್ಲ.

ನಮಗೆ ಇದು ಹೊಸದಲ್ಲ

ಈ ಛಿದ್ರತೆ ಕನ್ನಡಿಗರಿಗೆ ಮೊದಲೇ ಗೊತ್ತು. ಯೂನಿಕೋಡ್ ಬಳಕೆಗೆ ಬರೋ ಮುಂಚೆ ನುಡಿ, ಬರಹ, ಶ್ರೀಲಿಪಿ, ಆಕೃತಿ ಅಂತ ಬೇರೆ ಬೇರೆ ತಂತ್ರಾಂಶಗಳಿದ್ವು. ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಮದುವೆ ಕಾರ್ಡು ನುಡಿ ಇರೋ ಕಂಪ್ಯೂಟರ್‌ನಲ್ಲಿ ತೆರೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪ್ರತಿಯೊಂದೂ ಒಳ್ಳೆಯ ತಂತ್ರಾಂಶವೇ. ಆದ್ರೆ 'ಕ' ಅನ್ನೋ ಅಕ್ಷರಕ್ಕೆ ಒಳಗೆ ಯಾವ ಸಂಖ್ಯೆ ಅನ್ನೋದನ್ನ ತಮಗೆ ಬೇಕಾದ ಹಾಗೆ ಇಟ್ಕೊಂಡಿದ್ವು.

1991ರಲ್ಲಿ, ಲಿನಕ್ಸ್ ಹುಟ್ಟಿದ ವರ್ಷವೇ, ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡ ಇತ್ತು. ಆದ್ರೆ ಅದು ನಮ್ಮ ಕೈಗೆ ಬರೋಕೆ ಬಹಳ ವರ್ಷ ಹಿಡೀತು. ಇವತ್ತು ನೀವು ವಾಟ್ಸಾಪ್‌ನಲ್ಲಿ ಕನ್ನಡ ಕಳಿಸಿದ್ರೆ ಯಾವ ಕಂಪನಿಯ ಫೋನಲ್ಲೂ ಸರಿಯಾಗಿ ಕಾಣೋದು ಅದರಿಂದ. ಫಾಂಟ್‌ಗಳೇನು ಕಡಿಮೆ ಆದ್ವಾ? ಇಲ್ಲ, ಜಾಸ್ತಿನೇ ಆದ್ವು. ಕೀಬೋರ್ಡ್‌ಗಳೂ ಹತ್ತಾರು ಇವೆ. ಒಂದಾಗಿದ್ದು ಅಕ್ಷರದ ಸಂಖ್ಯೆ ಮಾತ್ರ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗೇಮ್ ಲೋಕದಲ್ಲಿ ಏನಾಯ್ತು?

ಈಗ ಹುಡುಗರ ಮುಖ್ಯ ಪ್ರಶ್ನೆ. "ಗೇಮ್ ಆಡಾಕ ಬರ್ತೈತೇನ?"

2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. ಅದರ ಮಾಲೀಕ ಕಂಪನಿ ವಾಲ್ವ್‌ಗೆ ಮೊದಲ ದಿನವೇ ಎದುರಾದ ಪ್ರಶ್ನೆ: ಒಂದೊಂದು ಡಿಸ್ಟ್ರೋದಲ್ಲಿ ಒಂದೊಂದು ಆವೃತ್ತಿಯ ಲೈಬ್ರರಿ ಇದ್ರೆ ಗೇಮ್ ಮಾಡೋರು ಯಾವುದನ್ನ ನಂಬಬೇಕು? ಹಾಗಾಗಿ ಅವರು ಸ್ಟೀಮ್ ರನ್‌ಟೈಮ್ ಅಂತ ಲೈಬ್ರರಿಗಳ ಒಂದು ಗಂಟನ್ನ ತಾವೇ ಕಟ್ಟಿ ಕೊಟ್ರು. ನಿಮ್ಮ ಡಿಸ್ಟ್ರೋ ಯಾವುದಾದ್ರೂ ಇರಲಿ, ಗೇಮ್ ಆ ಗಂಟನ್ನ ನೋಡಿಕೊಂಡು ಓಡುತ್ತೆ.

ಆದ್ರೂ ಗೇಮ್ ಕಂಪನಿಗಳು ಹೆಚ್ಚು ಬರಲಿಲ್ಲ. 2015ರಲ್ಲಿ ಬಂದ ಸ್ಟೀಮ್ ಮಷೀನ್‌ಗಳು ಮಾರಾಟವಾಗಲಿಲ್ಲ. ಬಂದವರಲ್ಲೂ ಕೆಲವರು ವಾಪಸ್ ಹೋದ್ರು. 2020ರಲ್ಲಿ ರಾಕೆಟ್ ಲೀಗ್ ಲಿನಕ್ಸ್ ಮತ್ತು ಮ್ಯಾಕ್ ಆವೃತ್ತಿ ನಿಲ್ಲಿಸಿತು. ಅವೆರಡೂ ಸೇರಿ ಆಡೋರು ಶೇ 0.3ಕ್ಕಿಂತ ಕಡಿಮೆ ಅಂತ ಕಂಪನಿ ಹೇಳಿತು. ಮತ್ತೆ ಅದೇ ಸ್ಥಿರ ವೆಚ್ಚದ ಲೆಕ್ಕ.

ಆಗ ವಾಲ್ವ್ ಬೇರೆ ದಾರಿ ಹಿಡಿದಾಗಿತ್ತು. 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಂತು. ಇದು ವಿಂಡೋಸ್ ಗೇಮ್ ಆಡೋ ಮಾತನ್ನ ಲಿನಕ್ಸ್‌ಗೆ ಅರ್ಥ ಆಗೋ ಹಾಗೆ ಮಾಡೋ ದುಭಾಷಿ ಇದ್ದ ಹಾಗೆ. 1993ರಿಂದ ನಡೀತಿದ್ದ ವೈನ್ ಅನ್ನೋ ಯೋಜನೆಯೇ ಇದರ ತಳಹದಿ. 2022ರಲ್ಲಿ ಬಂದ ಸ್ಟೀಮ್ ಡೆಕ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಸಾಧನ ಪೂರ್ತಿ ಇದರ ಮೇಲೆ ನಿಂತಿದೆ.

ಇದರಲ್ಲಿ ಒಂದು ತಮಾಷೆ ಇದೆ. ಲಿನಕ್ಸ್‌ಗೆ ಅಂತಲೇ ಮಾಡಿದ ಹಳೇ ಗೇಮ್‌ಗಿಂತ ವಿಂಡೋಸ್‌ಗೆ ಮಾಡಿದ ಗೇಮೇ ಲಿನಕ್ಸ್‌ನಲ್ಲಿ ಎಷ್ಟೋ ಸಲ ಚೆನ್ನಾಗಿ ಓಡುತ್ತೆ! ಯಾಕಂದ್ರೆ ವಿಂಡೋಸ್‌ನ ನಿಯಮಗಳು ಹತ್ತಾರು ವರ್ಷದಿಂದ ಹೆಚ್ಚು ಬದಲಾಗಿಲ್ಲ. ಎಲ್ಲ ಡಿಸ್ಟ್ರೋಗಳೂ ಒಪ್ಪೋ ಸ್ಥಿರವಾದ ನೆಲ ಲಿನಕ್ಸ್‌ನೊಳಗೆ ಸಿಗಲಿಲ್ಲ, ಹೊರಗಿನಿಂದ ತರಬೇಕಾಯ್ತು.

ಆ ನೆಲ ಎಷ್ಟು ಅಲುಗಾಡುತ್ತೆ ಅನ್ನೋದಕ್ಕೆ ಮೂರು ಘಟನೆ.

ಒಂದು, 2019ರ ಜೂನ್. ಉಬುಂಟು ತನ್ನ ಮುಂದಿನ ಆವೃತ್ತಿಯಿಂದ 32-ಬಿಟ್ ಲೈಬ್ರರಿಗಳನ್ನ ತೆಗೀತೀವಿ ಅಂತ ಹೇಳಿತು. ಸ್ಟೀಮ್‌ನ ಬಹಳಷ್ಟು ಹಳೇ ಗೇಮ್‌ಗಳಿಗೆ ಅವೇ ಬೇಕು. ಹಾಗಾದ್ರೆ ಆ ಆವೃತ್ತಿಗೆ ನಮ್ಮ ಬೆಂಬಲ ಇಲ್ಲ ಅಂತ ವಾಲ್ವ್ ಕಡೆಯಿಂದ ಮಾತು ಬಂತು. ಕೆಲವೇ ದಿನಗಳಲ್ಲಿ ಉಬುಂಟು ನಿರ್ಧಾರ ಬದಲಿಸಿತು.

ಎರಡು, 2021ರ ನವೆಂಬರ್. ಲೈನಸ್ ಟೆಕ್ ಟಿಪ್ಸ್ ಅನ್ನೋ ದೊಡ್ಡ ಯೂಟ್ಯೂಬ್ ಚಾನೆಲ್‌ನ ಲೈನಸ್ ಸೆಬಾಸ್ಟಿಯನ್, ಇವರು ಬೇರೆ ಲೈನಸ್, ಗೇಮಿಂಗ್‌ಗೆ ಒಳ್ಳೆಯದು ಅಂತ ಹೆಸರಾದ ಪಾಪ್ ಓಎಸ್ ಹಾಕಿದ್ರು. ಸ್ಟೀಮ್ ಇನ್‌ಸ್ಟಾಲ್ ಮಾಡೋಕೆ ಹೋದ್ರೆ ಪೂರ್ತಿ ಡೆಸ್ಕ್‌ಟಾಪ್ ಪರದೆಯೇ ಅಳಿಸಿ ಹೋಯ್ತು. ಸಿಸ್ಟಮ್ ಎಚ್ಚರಿಕೆ ಕೊಟ್ಟಿತ್ತು, ಅವರು ಮುಂದುವರಿಸಿದ್ರು. ಆ ಸಮಯದಲ್ಲಿ ಸ್ಟೀಮ್ ಪ್ಯಾಕೇಜ್ ಕಟ್ಟೋದರಲ್ಲಿ ಆಗಿದ್ದ ದೋಷ ಅದು, ಬೇಗ ಸರಿಹೋಯ್ತು. ಆದ್ರೆ ಸ್ಟೀಮ್ ಒಂದೇ, ಅದನ್ನ ಕಟ್ಟಿ ಹಂಚೋ ಕೈಗಳು ಡಿಸ್ಟ್ರೋಗೊಂದು. ಯಾವ ಕೈ ಯಾವತ್ತು ತಪ್ಪುತ್ತೆ ಅನ್ನೋದು ಹೊಸಬರಿಗೆ ಹೇಗೆ ಗೊತ್ತಾಗಬೇಕು?

ಮೂರು, 2022ರ ಆಗಸ್ಟ್. ಜಿಲಿಬ್‌ಸಿ ಅನ್ನೋ ಮೂಲ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಒಂದು ಹಳೇ ಕೋಷ್ಟಕ ಕೈಬಿಟ್ಟರು. ಮೋಸದ ಆಟ ಹಿಡಿಯೋ ಈಸಿ ಆ್ಯಂಟಿ-ಚೀಟ್ ಅನ್ನೋ ತಂತ್ರಾಂಶ ಅದನ್ನೇ ಹುಡುಕ್ತಿತ್ತು. ಹೊಸ ಆವೃತ್ತಿಗಳನ್ನ ಕೂಡಲೇ ಕೊಡೋ ಆರ್ಚ್‌ನಂಥ ಡಿಸ್ಟ್ರೋಗಳಲ್ಲಿ ಕೆಲವು ಗೇಮ್‌ಗಳು ನಿಂತುಹೋದ್ವು. ನಿಧಾನವಾಗಿ ಅಪ್‌ಡೇಟ್ ಕೊಡೋ ಡಿಸ್ಟ್ರೋಗಳಲ್ಲಿ ಅವೇ ಗೇಮ್ ಆರಾಮಾಗಿ ಓಡ್ತಿದ್ವು. ಆಟ ಅದೇ, ಹಾರ್ಡ್‌ವೇರೂ ಅದೇ ಇರಬಹುದು. ನಿಮ್ಮನೇಲಿ ಓಡಲ್ಲ, ಗೆಳೆಯನ ಮನೇಲಿ ಓಡುತ್ತೆ.

ಎಲ್ಲ ತಪ್ಪೂ ಛಿದ್ರತೆಯದ್ದಲ್ಲ

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು. ವ್ಯಾಲೊರಂಟ್ ಲಿನಕ್ಸ್‌ನಲ್ಲಿ ನಡೆಯಲ್ಲ. ಅದಕ್ಕೆ ಕಾರಣ ಡಿಸ್ಟ್ರೋ ಜಾಸ್ತಿ ಇರೋದಲ್ಲ, ಅದರ ವ್ಯಾನ್‌ಗಾರ್ಡ್ ಅನ್ನೋ ಕಾವಲುಗಾರ ವಿಂಡೋಸ್ ಕರ್ನಲ್ ಒಳಗೇ ಕೂರ್ತಾನೆ. 2024ರ ಅಕ್ಟೋಬರ್ ಕೊನೆಗೆ ಏಪೆಕ್ಸ್ ಲೆಜೆಂಡ್ಸ್ ಕೂಡ ಲಿನಕ್ಸ್ ಬಾಗಿಲು ಮುಚ್ಚಿತು. ಲಿನಕ್ಸ್ ಮುಕ್ತವಾಗಿರೋದರಿಂದ ಮೋಸಗಾರರಿಗೆ ಅದು ಅನುಕೂಲ, ಅವರನ್ನ ಹಿಡಿಯೋದು ಕಷ್ಟ ಅನ್ನೋದು ಕಂಪನಿಯ ವಾದ. ಇಲ್ಲಿ ಛಿದ್ರತೆ ಪರೋಕ್ಷವಾಗಿ ಕೆಲಸ ಮಾಡುತ್ತೆ. ಯಾರು ಬೇಕಾದ್ರೂ ತಮ್ಮ ಕರ್ನಲ್ ತಾವೇ ಕಟ್ಟಿಕೊಳ್ಳೋ ಕಡೆ 'ಇದು ಬದಲಾಗದ ಕರ್ನಲ್' ಅಂತ ಖಾತ್ರಿ ಕೊಡೋರು ಯಾರೂ ಇಲ್ಲ.

ಬಿಜಿಎಂಐ, ಫ್ರೀ ಫೈರ್ ಆಡೋರಿಗೆ: ಅವು ಫೋನಿನ ಆಟಗಳು. ಕಂಪ್ಯೂಟರ್‌ನಲ್ಲಿ ಆಡೋಕೆ ಹುಡುಗರು ಬಳಸೋ ಬ್ಲೂಸ್ಟ್ಯಾಕ್ಸ್ ಲಿನಕ್ಸ್‌ಗೆ ಇಲ್ಲ.

ಬೇರೆ ಬೇರೆ ಇರೋದರಿಂದ ಲಾಭವೂ ಇದೆ. ಸಾಲು ಸಾಲು ಒಂದೇ ತಳಿ ಕಬ್ಬು ಹಾಕಿದ್ರೆ ಒಂದು ರೋಗ ಬಂದಾಗ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಅನ್ನೋ ಸಣ್ಣ ಲೈಬ್ರರಿಯೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆ ಆಯ್ತು. ಅದು ಗುರಿ ಇಟ್ಟಿದ್ದು ಡೆಬಿಯನ್ ಮತ್ತು ಫೆಡೋರಾ ಮಾದರಿಯಲ್ಲಿ ಕಟ್ಟಿದ ಪ್ಯಾಕೇಜ್‌ಗಳಿಗೆ. ಬೇರೆ ರೀತಿ ಕಟ್ಟೋ ಆರ್ಚ್‌ನಲ್ಲಿ ಆ ದಾಳಿ ನಡೀತಿರಲಿಲ್ಲ. ಹಾಗಾಗಿ "ಎಲ್ಲ ಡಿಸ್ಟ್ರೋ ಮುಚ್ಚಿ, ಒಂದೇ ಇಡಿ" ಅನ್ನೋದು ಉತ್ತರ ಅಲ್ಲ. ಹೇಳಿದ್ರೆ ಕೇಳೋರೂ ಯಾರೂ ಇಲ್ಲ.

ನಮ್ಮೂರ ಬ್ಯಾರೇಜ್

ಉತ್ತರ ನನಗೆ ಸಿಕ್ಕಿದ್ದು ಮರುದಿನ ಸಂಜೆ ಹೊಳಿ ಕಡೆ ಹೋದಾಗ.

ನಮ್ಮೂರು ಯಾರಿಗಾದ್ರೂ ಗೊತ್ತಿದ್ರೆ ಅದು ಬ್ಯಾರೇಜ್‌ನಿಂದ. ಕೃಷ್ಣಾ ನದಿ ಪಕ್ಕದಲ್ಲೇ ಇದ್ರೂ ಬೇಸಿಗೆಯಲ್ಲಿ ನೀರಿಲ್ಲದ ಕಾಲ ಅದು. ಮಳೆಗಾಲದಲ್ಲಿ ತುಂಬಿ ಹರಿಯೋ ಹೊಳಿ ಬೇಸಿಗೆಗೆ ಬತ್ತಿ ಹೋಗ್ತಿತ್ತು. ಒಬ್ಬೊಬ್ಬ ರೈತ ತನ್ನ ಮೋಟರ್, ತನ್ನ ಪೈಪು ಅಂತ ಎಷ್ಟೇ ಒದ್ದಾಡಿದ್ರೂ ಹೊಳಿಯಲ್ಲೇ ನೀರಿಲ್ಲ ಅಂದ್ಮೇಲೆ ಏನು ಎತ್ತೋದು? 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸುತ್ತಲಿನ ರೈತರು ಸರ್ಕಾರಕ್ಕೆ ಕಾಯದೆ ತಾವೇ ದುಡ್ಡು ಹಾಕಿ, ತಾವೇ ದುಡಿದು ಹೊಳಿಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದ್ರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರು. ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಅನ್ನೋ ಹೆಸರೇ ಬಂತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದ್ರು. ಇದೆಲ್ಲ ನಾನು ಹುಟ್ಟೋಕೆ ಮುಂಚಿನ ಮಾತು.

ಬ್ಯಾರೇಜ್ ಕಟ್ಟಿದಾಗ ಯಾರೂ ತಮ್ಮ ಹೊಲ ಬಿಟ್ಟುಕೊಡಲಿಲ್ಲ. ಕಬ್ಬು ಹಾಕೋನು ಕಬ್ಬು ಹಾಕಿದ, ಗೋವಿನಜೋಳ ಹಾಕೋನು ಗೋವಿನಜೋಳ ಹಾಕಿದ. ಅವರವರ ಮೋಟರ್ ಅವರವರದ್ದೇ. ಒಂದಾಗಿದ್ದು ಗೋಡೆ ಮಾತ್ರ. ಯೂನಿಕೋಡ್ ವಿಷಯ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಅಲ್ಲೂ ಆಗಿದ್ದು ಇದೇ.

ಲಿನಕ್ಸ್‌ನಲ್ಲಿ ಕರ್ನಲ್ ಅನ್ನೋ ಹೊಳಿ ಎಲ್ಲರಿಗೂ ಒಂದೇ. ಡೆಸ್ಕ್‌ಟಾಪ್ ಅನ್ನೋ ಹೊಲ ಅವರವರ ಇಷ್ಟ. ಇವೆರಡರ ನಡುವೆ ಇರಬೇಕಾದ ಗೋಡೆಯನ್ನ ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಹೊಲದ ಮುಂದೆ ಸಣ್ಣ ಒಡ್ಡಾಗಿ ಹಾಕ್ಕೊಂಡಿದ್ದಾರೆ.

ಗೋಡೆ ಕಟ್ಟೋ ಪ್ರಯತ್ನ ಆಗಿಲ್ಲ ಅಂತಲ್ಲ. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಅಂತ 2001ರಲ್ಲಿ ಒಂದು ನಿಯಮಾವಳಿ ಬಂತು. ಎಲ್ಲ ಡಿಸ್ಟ್ರೋಗಳಲ್ಲೂ ಇಂಥಿಂಥ ಲೈಬ್ರರಿ ಇಂಥ ಕಡೆ ಇರಬೇಕು ಅಂತ. ಆದ್ರೆ ಪ್ಯಾಕೇಜ್ ಮಾದರಿಯಲ್ಲಿ ಅದು ಆರಿಸಿದ್ದು ಆರ್‌ಪಿಎಂ, ಡೆಬಿಯನ್ ಕುಟುಂಬ ಬಳಸೋದು ಡೆಬ್. 2015ರಲ್ಲಿ ಡೆಬಿಯನ್ ಅದನ್ನ ಹೆಚ್ಚೂ ಕಡಿಮೆ ಕೈಬಿಟ್ಟಿತು. ಕಾಗದದ ಮೇಲೆ ಗೋಡೆ ಇತ್ತು, ಅದರ ಹಿಂದೆ ನೀರು ನಿಲ್ಲಲಿಲ್ಲ.

ನೀರು ನಿಂತಿದ್ದು ಎರಡು ಕಡೆ. ಒಂದು, ವಾಲ್ವ್ ಕಟ್ಟಿದ ಸ್ಟೀಮ್ ರನ್‌ಟೈಮ್ ಮತ್ತು ಪ್ರೋಟಾನ್. ಇನ್ನೊಂದು ಫ್ಲಾಟ್‌ಪ್ಯಾಕ್. ಇದರಲ್ಲಿ ಆ್ಯಪ್ ತನಗೆ ಬೇಕಾದ ಲೈಬ್ರರಿಗಳ ಜೊತೆಗೇ ಬರುತ್ತೆ, ಹಾಗಾಗಿ ಒಮ್ಮೆ ಕಟ್ಟಿದ್ರೆ ಮಿಂಟ್‌ನಲ್ಲೂ ಫೆಡೋರಾದಲ್ಲೂ ಆರ್ಚ್‌ನಲ್ಲೂ ಓಡುತ್ತೆ. ಫ್ಲಾಟ್‌ಹಬ್ ಅನ್ನೋದು ಅದರ ಅಂಗಡಿ.

ಇಲ್ಲೂ ಜಗಳ ತಪ್ಪಿಲ್ಲ. ಉಬುಂಟು ಕಂಪನಿ ಸ್ನ್ಯಾಪ್ ಅಂತ ಬೇರೆ ಕಟ್ಟಿತು. ಉಬುಂಟು ಮೇಲೇ ನಿಂತಿರೋ ಮಿಂಟ್ 2020ರಲ್ಲಿ ಆ ಸ್ನ್ಯಾಪ್ ತಾನಾಗಿ ಬರದ ಹಾಗೆ ತಡೆದಿಟ್ಟಿತು. ಆ್ಯಪ್‌ಇಮೇಜ್ ಅಂತ ಮೂರನೆಯದೂ ಇದೆ. ಒಂದು ಮಾಡೋಕೆ ಹೋಗಿ ಮೂರು ಮಾಡಿದ್ದಾರೆ. ಇನ್ನೊಂದು ಎಚ್ಚರಿಕೆಯೂ ಬೇಕು. ನಮ್ಮೂರ ಗೋಡೆಯನ್ನ ರೈತರೇ ಕಟ್ಟಿದ್ರು. ಗೇಮಿಂಗ್ ಗೋಡೆಯ ಹೆಚ್ಚಿನ ಖರ್ಚು ಹಾಕಿದ್ದು ತನ್ನ ಅಂಗಡಿಗಾಗಿ ಒಂದು ಕಂಪನಿ. ಕೋಡ್ ಬಹುಪಾಲು ಮುಕ್ತವಾಗಿದೆ ಅನ್ನೋದು ಸಮಾಧಾನ. ಆದ್ರೆ ನಾಳೆ ಆ ಕಂಪನಿಗೆ ಆಸಕ್ತಿ ಹೋದ್ರೆ ರಿಪೇರಿ ಮಾಡೋರು ಯಾರು ಅನ್ನೋ ಪ್ರಶ್ನೆ ಇದ್ದೇ ಇದೆ.

ಕಾಸರಗೋಡಿನ ಮಕ್ಕಳು ಏನು ಬಳಸ್ತಾರೆ?

ಒಂದನ್ನ ಆರಿಸಿಕೊಂಡು ಗಟ್ಟಿಯಾಗಿ ಹಿಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ದೂರ ಇಲ್ಲ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿತು. ಮುಂದೆ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನ ಮುಕ್ತ ತಂತ್ರಾಂಶಕ್ಕೆ ತಂದಿತು. 2017ರಿಂದ ಆ ಯೋಜನೆ ಕೈಟ್ ಅನ್ನೋ ಹೆಸರಲ್ಲಿ ಸರ್ಕಾರಿ ಕಂಪನಿಯಾಗಿದೆ. ಅವರು ಉಬುಂಟುವನ್ನ ಶಾಲೆಗೆ ಬೇಕಾದ ಹಾಗೆ ಸಜ್ಜು ಮಾಡಿ, ಜಿಯೋಜೀಬ್ರಾ, ಜಿಂಪ್, ಇಂಕ್‌ಸ್ಕೇಪ್ ಇಂಥವನ್ನ ಸೇರಿಸಿ, ರಾಜ್ಯದ ಶಾಲೆಗಳಿಗೆಲ್ಲ ಅದನ್ನೇ ಕೊಡ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪುಸ್ತಕ ಕನ್ನಡದಲ್ಲೇ ಇದೆ, ಕಲಿಯೋದು ಅದೇ ಲಿನಕ್ಸ್‌ನಲ್ಲಿ.

ಶಿಕ್ಷಕರಿಗೆ ಒಂದೇ ತರಬೇತಿ, ಪುಸ್ತಕದಲ್ಲಿ ಒಂದೇ ಚಿತ್ರ. ಮಂಜೇಶ್ವರದ ಶಾಲೆಯಲ್ಲಿ ಕಂಪ್ಯೂಟರ್ ಕೆಟ್ಟರೆ ತಿರುವನಂತಪುರದಲ್ಲಿ ಕೂತವರಿಗೂ ಅದರೊಳಗೆ ಏನಿದೆ ಅಂತ ಗೊತ್ತಿರುತ್ತೆ. ನಮ್ಮ ಹುಡುಗನಿಗೆ ಸಿಗದೇ ಹೋಗಿದ್ದು ಇದೇ. ಅವನಿಗೆ ಬೇಕಾಗಿದ್ದು ಜಗತ್ತಿನ ಅತ್ಯುತ್ತಮ ಡಿಸ್ಟ್ರೋ ಅಲ್ಲ, ಪಕ್ಕದಲ್ಲಿ ಇನ್ನೊಬ್ಬರಿಗೂ ಗೊತ್ತಿರೋ ಡಿಸ್ಟ್ರೋ.

ಹಾಗಾದ್ರೆ ಏನು ಹಾಕಿದ್ವಿ?

ಕ್ಲಾಸಲ್ಲಿ ಯಾರಾದ್ರೂ ಲಿನಕ್ಸ್ ಬಳಸ್ತಾರಾ ಕೇಳು ಅಂದೆ. ಇಬ್ಬರು ಮಿಂಟ್ ಬಳಸ್ತಿದ್ರು. ಅದನ್ನೇ ಹಾಕಿದ್ವಿ. ಮಿಂಟ್ ಎಲ್ಲಕ್ಕಿಂತ ಮೇಲು ಅಂತಲ್ಲ, ಕೆಟ್ಟರೆ ಕೇಳೋಕೆ ಇಬ್ಬರಿದ್ದಾರೆ ಅಂತ. ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಹಾಕಿದ್ವಿ, ಕನ್ನಡ ಟೈಪಿಂಗ್ ಆಯ್ತು.

ನೀವೂ ಈ ದಾರಿಯಲ್ಲಿದ್ರೆ ನಾಲ್ಕು ಮಾತು. ಮೊದಲು ಫೈಲ್‌ಗಳ ಬ್ಯಾಕಪ್ ತಗೊಳ್ಳಿ. ಇನ್‌ಸ್ಟಾಲ್ ಮಾಡೋ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್, ಬ್ಲೂಟೂತ್ ಬರುತ್ತಾ ನೋಡಿ. ನೀವು ಆಡೋ ಗೇಮ್ ಹೆಸರು ಪ್ರೋಟಾನ್‌ಡಿಬಿ ತಾಣದಲ್ಲಿ ಹುಡುಕಿ, ಆನ್‌ಲೈನ್ ಆಟವಾದ್ರೆ ಅದರ ಆ್ಯಂಟಿ-ಚೀಟ್ ಲಿನಕ್ಸ್ ಒಪ್ಪುತ್ತಾ ವಿಚಾರಿಸಿ. ಇಂಟರ್ನೆಟ್‌ನಲ್ಲಿ ಸಿಕ್ಕ ಕಮಾಂಡ್ ಯಾವ ಡಿಸ್ಟ್ರೋಗೆ, ಯಾವ ವರ್ಷ ಬರೆದದ್ದು ಅಂತ ನೋಡದೆ ಹಾಕಬೇಡಿ. ಟ್ಯಾಲಿ, ನುಡಿ ಇಲ್ಲದೆ ಹೊಟ್ಟೆಪಾಡು ನಡೆಯಲ್ಲ ಅನ್ನೋರು ಸದ್ಯಕ್ಕೆ ವಿಂಡೋಸ್ ತೆಗೀಬೇಡಿ, ಪಕ್ಕದಲ್ಲಿ ಲಿನಕ್ಸ್ ಇಟ್ಟು ನೋಡಿ.

ನಮ್ಮ ಹುಡುಗನಿಗೆ ವ್ಯಾಲೊರಂಟ್ ಹೋಯ್ತು. ಅದಕ್ಕೆ ಎರಡು ದಿನ ಮುಖ ಸಣ್ಣ ಮಾಡ್ಕೊಂಡಿದ್ದ. ಮೂರನೇ ದಿನ ಫೋನ್ ಮಾಡಿದ: "ಅಣ್ಣಾ, ನಮ್ಮ ಕ್ಲಾಸಿನಾಗ ಇನ್ನೊಬ್ಬಾಂವ ಕೇಳಾಕತ್ತಾನ, ಯಾವ್ದ ಹಾಕೂಣು ಅಂತ."

"ನೀ ಏನಂದಿ?"

"ನಮ್ದ ಹಾಕ್ಕೊ, ಕೆಟ್ರ ನಾವ ಮೂರ ಮಂದಿ ಅದೀವಿ ಅಂದ್ನಿ."